ಸುಂಕದ ಮನೆಯ ಬಾಗಿಲು

"ಈ ಬಾಗಿಲು ತೆಗೆದೋರು ಯಾರೂ ಇಲ್ಲ. ನಾಳೆ ಬಡಗಿ ಬಂದು ಒಡೀತಾನೆ," ಎಂದ ಕಾವಲುಗಾರ, ತನ್ನದೇ ಮನೆಯ ಬಾಗಿಲೇನೋ ಎಂಬ ಗತ್ತಿನಲ್ಲಿ.

ಹಳೇ ಗಾಡಿರಸ್ತೆಯ ಪಕ್ಕದ ಸುಂಕದ ಮನೆ ಅದು. ಉದ್ದನೆಯ ಪಡಸಾಲೆಯ ತುದಿಯಲ್ಲಿ ಇದೊಂದು ಕೋಣೆಗೆ ಮಾತ್ರ ಬೀಗ. ರಜೆ ಸಿಕ್ಕಾಗಲೆಲ್ಲ ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಇಂಥ ಕಟ್ಟಡಗಳನ್ನು ಹುಡುಕಿ ಹೋಗುವ ಹುಚ್ಚು ಮಗಳಿಗೆ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು; ಅಷ್ಟು ಚೆಂದದ ಬಾಗಿಲಿಗೆ ಕೊಡಲಿ ಬೀಳುವುದನ್ನು ಅವಳು ಒಪ್ಪುವುದುಂಟೇ? "ಒಡೆಯೋದು ಬೇಡ. ನಮ್ಮಪ್ಪ ಜೀವನವೆಲ್ಲ ಬೀಗದ ಅಂಗಡಿ ನಡೆಸಿದವರು. ಎಡಗೈಯಲ್ಲಿ ತೆಗೀತಾರೆ," ಎಂದುಬಿಟ್ಟಳು.

ಅಪ್ಪ ಅವಳನ್ನು ದುರುಗುಟ್ಟಿ ನೋಡಿದ. ಹೋದ ವರ್ಷ ಪಕ್ಕದ ಮನೆಯವರ ಬೀರು ತೆಗೆಯಲು ಹೋದಾಗ ಅವನ ಕೈ ನಡುಗಿ, ಜಪ್ಪಯ್ಯ ಅಂದರೂ ಆಗಿರಲಿಲ್ಲ; ಅವರು ಅವನ ಎದುರಿಗೇ ಇನ್ನೊಬ್ಬ ಬೀಗದವನನ್ನು ಕರೆಸಿದ್ದರು. ಮರುದಿನವೇ ಅಪ್ಪ ಅಂಗಡಿ ಮುಚ್ಚಿದ. ಅಂದಿನಿಂದ ಬೀಗ ತೆಗೆಯುವ ಅವನ ತಂತಿಕೊಕ್ಕೆಗಳ ಚೀಲ ಕಾರಿನ ಡಿಕ್ಕಿಯಲ್ಲಿ ಅನಾಥವಾಗಿ ಬಿದ್ದಿತ್ತು. ಇವತ್ತೊಂದು ಬೀಗ ತೆಗೆದರೆ ಅಪ್ಪ ಮತ್ತೆ ಮೊದಲಿನ ಅಪ್ಪನಾಗುತ್ತಾನೆ ಎಂದು ಮಗಳ ಆಸೆ. ಅವಳೇ ಓಡಿಹೋಗಿ ಚೀಲ ತಂದಳು.

ಅಪ್ಪ ಮೊಣಕಾಲೂರಿ ಕೂತು, ಕೀಲಿಯ ತೂತಿನ ಮೇಲೆ ಬೆರಳಾಡಿಸಿ ಮೂಸಿದ. "ಎಣ್ಣೆ ಯಾರು ಹಾಕಿದ್ದು?"

"ನಾನು ಇಲ್ಲಿಗೆ ಬಂದಾಗಿಂದ ಪೊರಕೆನೇ ಸರಿಯಾಗಿ ಮುಟ್ಟಿಲ್ಲ, ಇನ್ನು ಎಣ್ಣೆ ಹಾಕ್ತೀನಾ?" ಎಂದ ಕಾವಲುಗಾರ. "ಕೊನೇ ಸುಂಕದ ಅಧಿಕಾರಿ, ಯಾರೂ ನನ್ನ ಕರೀಬೇಡಿ ಅಂತ ಹೇಳಿ ಈ ಕೋಣೆ ಒಳಗೆ ಹೋದನಂತೆ. ಯಾರೂ ಕರೀಲಿಲ್ಲ. ಆಮೇಲೆ ರಸ್ತೆನೇ ಬೇರೆ ಕಡೆ ಹೋಯ್ತು."

"ಅಜ್ಜಿ ಕತೆ ಬಿಡಿ," ಎಂದಳು ಮಗಳು.

ಅಪ್ಪ ಒಂದು ಕೊಕ್ಕೆಯನ್ನು ಆರಿಸಿ, ತುದಿಯನ್ನು ಇಕ್ಕಳದಿಂದ ಇನ್ನಷ್ಟು ಬಗ್ಗಿಸಿ ಒಳಗೆ ತೂರಿಸಿದ. ಕಿವಿ ಬಾಗಿಲಿಗೆ ಅಂಟಿತ್ತು. ಮಗಳು ನೋಡುತ್ತಿದ್ದುದು ಬೀಗವನ್ನಲ್ಲ, ಅಪ್ಪನ ಕೈಯನ್ನು. ಅದು ಒಂದಿಷ್ಟೂ ಅಲುಗಲಿಲ್ಲ. ಟಕ್ ಎಂದಿತು. ಅವಳು ಕುಣಿಯುವುದೊಂದು ಬಾಕಿ. ಆದರೆ ಅಪ್ಪ ಬಾಗಿಲು ತಳ್ಳಲಿಲ್ಲ. ಕ್ಷಣ ಬಿಟ್ಟು ಇನ್ನೊಂದು ಟಕ್. ಅವನು ಮತ್ತೆ ತಿರುಗಿಸಿದ. ಮತ್ತೆ ಟಕ್. ಆಮೇಲೆ ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ.

"ನನ್ನ ಕೈಲಾಗಲ್ಲ," ಎನ್ನುತ್ತಾ ಎದ್ದು ಮೊಣಕಾಲಿನ ಧೂಳು ಕೊಡವಿದ. "ಇದರ ಹಿಂದೆ ಕೋಣೆನೇ ಇಲ್ಲಪ್ಪ, ಗೋಡೆ ಇದೆ. ಬಾಗಿಲು ಬರೀ ಚೆಂದಕ್ಕೆ ಕೂರಿಸಿದ್ದು. ಒಡೆದ್ರೆ ಗೋಡೆ ಮೈಮೇಲೆ ಬಂದೀತು. ಬಡಗಿಗೆ ಬರಬೇಡ ಅಂತ ಹೇಳು."

ಕಾವಲುಗಾರ ಕಿಸಕ್ಕೆಂದು ನಕ್ಕ. "ಎಡಗೈಯಲ್ಲಿ ತೆಗೀತಾರೆ ಅಂದ್ರಿ?" ಮಗಳ ಮುಖ ಸಣ್ಣದಾಯಿತು. ಅಪ್ಪ ಮಾತ್ರ ಹಿಂತಿರುಗಿ ನೋಡದೆ ಕಾರಿನ ಕಡೆ ನಡೆದ.

ಹೊರಗೆ ಮಟಮಟ ಮಧ್ಯಾಹ್ನ. ಅಪ್ಪ ಕಾರಿನಲ್ಲಿ ಕೂತವನೇ ಕಿಟಕಿಯ ಗಾಜು ಏರಿಸಿದ.

"ಕೈ ನಡುಗಿತಾ ಅಪ್ಪಾ?"

"ಇಲ್ಲಮ್ಮ. ಇವತ್ತು ಮದುವೆಗೆ ಮುಂಚಿನ ಕೈ ಇದ್ದ ಹಾಗಿತ್ತು."

"ಮತ್ಯಾಕೆ ಅವನ ಹತ್ರ ಹಾಗೆ ಅನ್ನಿಸ್ಕೊಂಡ್ರಿ?"

"ನಾನು ತೆಗೆದೆ. ಒಳಗಿಂದ ಹಾಕಿದ್ರು. ಮತ್ತೆ ತೆಗೆದೆ. ಆಗ ಕೊಕ್ಕೆನ ಒಳಗೆ ಎಳ್ಕೊಂಡ್ರು."

ಹಳೇ ಸ್ಪ್ರಿಂಗು ಎಳೆದಿರುತ್ತದೆ ಎಂದು ಹೇಳಹೊರಟಳು ಮಗಳು. ಅಷ್ಟರಲ್ಲಿ ಕಾವಲುಗಾರ ಏದುಸಿರು ಬಿಡುತ್ತಾ ಓಡಿಬಂದು ಗಾಜು ತಟ್ಟಿದ. "ಸಾಮಾನು ಅಲ್ಲೇ ಬಿಟ್ಟು ಬಂದಿದ್ದೀರಲ್ಲ ಯಜಮಾನ್ರೇ. ಬಾಗಿಲ ಕೆಳಗಿನ ಸಂದಿಯಿಂದ ಚಾಚ್ಕೊಂಡಿತ್ತು." ಬಾಗಿಲ ಹಿಂದೆ ಬರೀ ಗೋಡೆ ಎಂದು ಅಪ್ಪ ಹೇಳಿದ್ದು ಅವನಿಗೆ ಮರೆತೇಹೋಗಿತ್ತು. ತಂತಿಯನ್ನು ಅಪ್ಪನ ಅಂಗೈಯಲ್ಲಿಟ್ಟು ನೆರಳಿಗೆ ಓಡಿದ.

ಅದು ಅಪ್ಪನ ಕೊಕ್ಕೆಯೇ. ತುದಿಗೆ ಎಣ್ಣೆ ಸವರಿತ್ತು. ಕೊಕ್ಕೆಯ ಬಾಗು ಮಾತ್ರ ಇರಲಿಲ್ಲ. ಅಪ್ಪ ಬಗ್ಗಿಸಿದ್ದ ತುದಿಯನ್ನು ಯಾರೋ ಹೊಲಿಗೆ ಸೂಜಿಯ ಹಾಗೆ ನೆಟ್ಟಗೆ ಮಾಡಿದ್ದರು. ಅಪ್ಪ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ, ಬೇರೆ ಇಕ್ಕಳದ ಗುರುತಿಗಾಗಿ ಹುಡುಕಿದ. ತಾನೇ ಬಗ್ಗಿಸಿದ ಗುರುತು ಬಿಟ್ಟರೆ ಎಲ್ಲೂ ಒಂದು ಗೀರಿಲ್ಲ; ಬರಿಗೈಯಲ್ಲೇ ನೆಟ್ಟಗೆ ಮಾಡಿದ್ದು. ಈಗ ಅವನ ಬೆರಳುಗಳು ಗಡಗಡ ನಡುಗುತ್ತಿದ್ದವು.

"ಹೊರಡಮ್ಮ," ಎಂದ. "ಒಳಗಿರೋರ ಕೈ ನಡುಗಲ್ಲ."