ಎರಡನೇ ಜ್ವರ

ರೋಗಿಯ ಹಣೆಗೆ ನರ್ಸ್ ಅಂಗೈ ಇಟ್ಟರೆ ಸಾಕು, ಆ ಜ್ವರ ಅವಳಿಗೆ ಬರುತ್ತದೆ. ಹಾಗೆ ಜ್ವರ ಹೊತ್ತವಳಿಗೆ ಅದು ಬಿಡುವ ತನಕ ರಜೆ. ಈ ರಜೆಗಾಗಿ ಹಿಂದಿನ ಸಿಸ್ಟರ್‌ಗಳು ಮುಷ್ಕರ ಹೂಡಿ ಜೈಲು ಕಂಡಿದ್ದರು.

ಹೊಸ ನರ್ಸ್ ಫಿಲೋಮಿನಾ ಮಗುವೊಂದರ ಜ್ವರದಲ್ಲಿ ನಡುಗುತ್ತಿದ್ದಳು. ಪಕ್ಕದ ಮಂಚದಲ್ಲಿ ನನಗೊಬ್ಬ ಮುದುಕನ ಜ್ವರ. ಸೂಪರಿಂಟೆಂಡೆಂಟ್ ಬಂದು ಅವಳನ್ನು ಎಬ್ಬಿಸಿದರು.

“ಎಮ್ಮೆಲ್ಲೆಯವರ ಭಾವ ಬಂದಿದ್ದಾರೆ. ಇನ್ನೊಂದು ತಗೋಮ್ಮ. ಸೇವೆ ತಾನೆ?”

“ಎರಡಾದರೆ ಹುಡುಗಿ ಉಳಿಯಲ್ಲ ಸಾರ್,” ಎಂದೆ.

“ನೀವೆಲ್ಲ ತಾಯಂದಿರ ಹಾಗೆ, ಸಿಸ್ಟರ್.”

ಸಿಟ್ಟು ನೆತ್ತಿಗೇರಿತು. ಜ್ವರಕ್ಕೆ ಯಾರ ಅಂಗೈಯಾದರೂ ಆಗುತ್ತದೆ. ಇದುವರೆಗೆ ನಮ್ಮನ್ನು ಮಾತ್ರ ಕರೆದಿದ್ದಾರೆ, ಅಷ್ಟೇ. ಎದ್ದು, ಅವರ ಕೈಯನ್ನೇ ಎಳೆದು, ಬಾಗಿಲ ಬಳಿ ಸ್ಟ್ರೆಚರ್ ಮೇಲೆ ಮಲಗಿದ್ದ ಭಾವನ ಹಣೆಗೆ ಒತ್ತಿ ಹಿಡಿದೆ.

ಸೂಪರಿಂಟೆಂಡೆಂಟರ ಹಲ್ಲು ಕಟಕಟಿಸತೊಡಗಿತು. ಭಾವ ಕಣ್ಣು ಬಿಡದೆಯೇ ಹೇಳಿದ: “ಹಾಯೆನಿಸಿತು, ಸಿಸ್ಟರ್.”