ಒಂದು ಸಲ ಕುಟ್ಟಿದರೆ ಹೂಂ

"ಇಲ್ಲಿ ನಿಲ್ಲೋದು ಬೇಡ, ಹೋಗ್ಬಿಡೋಣ, ಅಲ್ವಾ?" ಎಂದು ಲಾರ್ನ್ ಹೆಲ್ಮೆಟ್ಟಿನ ಮೈಕಿಗೆ ಕೇಳಿದ.

ಟಕ್ ಟಕ್.

"ಹಾಗಾದ್ರೆ ಸರಿ," ಎಂದು ಅವನು ವೇಗ ಹೆಚ್ಚಿಸಿದ.

ಒಂದು ಸಲ ಕುಟ್ಟಿದರೆ ಹೂಂ, ಎರಡು ಸಲ ಕುಟ್ಟಿದರೆ ಊಹೂಂ. ಇದು ಲಾರ್ನ್ ತಾನೇ ಮಾಡಿದ ಏರ್ಪಾಡು. ಗಾಳಿಯ ಅಬ್ಬರದಲ್ಲಿ ಹೆಂಡತಿ ಮರ್ನಾಳ ಮಾತು ಕೇಳಿಸುವುದಿಲ್ಲ, ಬೆರಳಿನಿಂದ ಮೈಕ್ ಕುಟ್ಟಿದರೆ ಸಾಕು ಎಂದು ಅವನು ಎಂದೋ ತೀರ್ಮಾನಿಸಿದ್ದ. ಅವನ ಮಾತನ್ನು ನುಂಗುವ ಗಾಳಿ ಮಾತ್ರ ಇಡೀ ಯೂಕಾನ್ ಸೀಮೆಯಲ್ಲಿ ಇನ್ನೂ ಬೀಸಿರಲಿಲ್ಲ.

ಅವನ ಬೈಕು ಮುಂದೆ, ಅವಳ ಬೈಕು ಹಿಂದೆ. ಡೆಂಪ್‌ಸ್ಟರ್ ರಸ್ತೆಯಲ್ಲಿ ಜಲ್ಲಿ ಸಿಡಿಯುತ್ತದೆ, ಧೂಳು ಏಳುತ್ತದೆ. ಹಿಂದಿನವರು ದೂರ ಉಳಿಯಲೇಬೇಕು. ಹೀಗಾಗಿ ದಿನವಿಡೀ ಲಾರ್ನ್ ಹೆಂಡತಿಯನ್ನು ನೋಡುತ್ತಿದ್ದುದು ಕನ್ನಡಿಯಲ್ಲಿ, ಧೂಳಿನ ನಡುವಿನ ಒಂದು ದೀಪವಾಗಿ. ಅದರಿಂದ ಅವನಿಗೇನೂ ತೊಂದರೆಯಾಗಿರಲಿಲ್ಲ.

ದಾರಿಯ ನಡುವೆ ಇರುವುದು ಒಂದೇ ಪೆಟ್ರೋಲ್ ಬಂಕ್. ಅಲ್ಲಿ ವಿಧಿಯಿಲ್ಲದೆ ನಿಲ್ಲಿಸಿದ. ಕ್ಯಾಂಟೀನಿನಲ್ಲಿ ಸೂಪ್ ಮುಂದಿಟ್ಟುಕೊಂಡು ಮರ್ನಾ ಮೆಲ್ಲಗೆ ಹೇಳಿದಳು.

"ಲಾರ್ನ್, ಈ ಸಲ ನಾನು ನಿನ್ ಜೊತೆ ಮನೆಗೆ ಬರಲ್ಲ. ಅಕ್ಕನ ಮನೇಲೇ ಇದ್ಬಿಡ್ತೀನಿ."

"ನಿನ್ ಗಾಡಿ ಚೈನ್ ಒಣಗಿದೆ," ಎಂದ ಲಾರ್ನ್. "ಮೊದ್ಲು ಎಣ್ಣೆ ಬಿಡು."

ಪಕ್ಕದ ಮೇಜಿನಲ್ಲಿ ಕೂತಿದ್ದ ಕೆಂಪು ಗಡ್ಡದವನೊಬ್ಬ ತಲೆ ಎತ್ತಿ ನೋಡಿ, ಮತ್ತೆ ತಟ್ಟೆಗೆ ತಲೆ ಬಗ್ಗಿಸಿದ. ಲಾರ್ನ್ ಎದ್ದು ಹೋಗಿ, ಕೇಳದಿದ್ದ ಇಬ್ಬರು ಲಾರಿ ಡ್ರೈವರುಗಳಿಗೆ ಟೈರಿನ ಗಾಳಿಯ ಬಗ್ಗೆ ಪಾಠ ಹೇಳಿದ. ಅದು ಮುಗಿದ ಮೇಲೆ ಗಾಡಿ ಹತ್ತಿದ. ಹಿಂದಿರುಗಿ ನೋಡುವ ಅಭ್ಯಾಸ ಅವನಿಗಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಕನ್ನಡಿಯಲ್ಲಿ ದೀಪ ಕಾಣಿಸಿತು. ಅಷ್ಟು ಸಾಕು.

"ಒಂದ್ ಸಲ ಕುಟ್ಟಿದ್ರೆ ಹೂಂ, ಎರಡು ಸಲ ಊಹೂಂ. ಕೇಳಿಸ್ತಿದೆಯಾ?"

ಟಕ್.

ಪ್ರಯಾಣ ಎಂದರೆ ಹೀಗಿರಬೇಕು ಎನ್ನಿಸಿತು ಲಾರ್ನ್‌ಗೆ. ಏರಿನಲ್ಲಿ ಯಾವಾಗಲೂ ಹಿಂದೆ ಬೀಳುತ್ತಿದ್ದ ದೀಪ ಈಗ ಅಂಟಿಕೊಂಡು ಬರುತ್ತಿತ್ತು. "ನೋಡು, ನಾನು ಹೇಳ್ಕೊಟ್ಟಂಗೆ ಓಡಿಸಿದ್ರೆ ಎಷ್ಟು ಚೆನ್ನಾಗಿರುತ್ತೆ," ಎಂದ. ಟಕ್. ಮರ ಕುಳ್ಳಾಗುತ್ತಾ ಹೋಗಿ ಕೊನೆಗೆ ಇಲ್ಲವೇ ಇಲ್ಲವಾಯಿತು. ಬರೀ ಪಾಚಿ, ಕಲ್ಲು, ಆಕಾಶ. ಲಾರ್ನ್ ಅವಕ್ಕೆಲ್ಲ ವಿವರಣೆ ಕೊಟ್ಟ. ಟಕ್. ಧೈರ್ಯ ಬಂದು, "ನಿಮ್ಮಕ್ಕನಿಗೆ ತಲೆ ಸರಿ ಇಲ್ಲ, ಅಲ್ವಾ?" ಎಂದೂ ಕೇಳಿಬಿಟ್ಟ.

ಟಕ್.

ಮದುವೆಯಾದಂದಿನಿಂದ ಮರ್ನಾ ಒಪ್ಪದಿದ್ದ ಮಾತು ಅದು. ಲಾರ್ನ್ ಖುಷಿಯಿಂದ ಉಬ್ಬಿಹೋದ. ಆಮೇಲೆ, ಯಾಕೋ, ಸೂಪಿನ ಮುಂದೆ ಅವಳು ಹೇಳಿದ ಮಾತು ಈಗ ಕಿವಿಗೆ ಬಿತ್ತು. ಅವನ ಕಿವಿಗೆ ಎಲ್ಲವೂ ತಡವಾಗಿಯೇ ತಲುಪುತ್ತಿತ್ತು. ಅವಳಿಲ್ಲದ ಮನೆಯಲ್ಲಿ ತಾನು ಮಾತಾಡುವುದು ಯಾರ ಹತ್ತಿರ?

ಬಹಳ ದೂರದವರೆಗೆ ಅವನು ಸುಮ್ಮನಿದ್ದ. ಇದು ದಾಖಲೆ.

"ಮರ್ನಾ," ಎಂದ ಕೊನೆಗೆ. "ನಂಗೆ ಹೇಳೋಕೆ ಬರಲ್ಲ ಇದೆಲ್ಲ. ನಿನ್ ದೀಪ ಕನ್ನಡೀಲಿ ಕಾಣ್ತಿದೆ ಅಂತಾನೇ ಇಷ್ಟು ವರ್ಷ ಧೈರ್ಯವಾಗಿ ಗಾಡಿ ಓಡ್ಸಿದೀನಿ. ಅದಿಲ್ದಿದ್ರೆ ಬೀದಿ ತುದಿವರೆಗೂ ಹೋಗೋನಲ್ಲ ನಾನು. ನಿನ್ನ ಒಂದು ದಿನಾನೂ ಕೇಳ್ಳಿಲ್ಲ, ನಿಂಗೇನು ಬೇಕು ಅಂತ. ಇನ್ಮೇಲೆ ನೀನು ಮುಂದೆ ಹೋಗು, ನಾನು ಹಿಂದೆ ಬರ್ತೀನಿ. ಧೂಳು ಕುಡೀತೀನಿ. ಮನೆಗೆ ಬರ್ತೀಯಲ್ವಾ?"

ಏನೂ ಕೇಳಿಸಲಿಲ್ಲ. ಜಲ್ಲಿ ಮಾತ್ರ ಗಾಡಿಯ ಹೊಟ್ಟೆಗೆ ಬಡಿಯುತ್ತಿತ್ತು.

ಬಹಳ ಹೊತ್ತಿನ ಮೇಲೆ, ಮೆತ್ತಗೆ: ಟಕ್.

ಲಾರ್ನ್ ಗೊಳೋ ಎಂದು ಅತ್ತುಬಿಟ್ಟ. ಹೆಲ್ಮೆಟ್ಟಿನೊಳಗೆ ಕಣ್ಣು ಒರೆಸಿಕೊಳ್ಳಲು ಆಗುವುದಿಲ್ಲ ಎಂಬುದು ಅವನಿಗೆ ಅಂದು ಗೊತ್ತಾಯಿತು.

ಪೀಲ್ ನದಿಯ ಹತ್ತಿರ ರಸ್ತೆ ನೀರಿಗಿಳಿಯುತ್ತದೆ. ವಾಹನ ದಾಟಿಸುವ ದೋಣಿ ಆಚೆ ದಡದಲ್ಲಿತ್ತು. ಲಾರ್ನ್ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಕೈಯಲ್ಲೇ ತಲೆ ಬಾಚಿಕೊಂಡ. ಜೀವಮಾನದಲ್ಲೇ ಮೊದಲ ಸಲ ಹಿಂದಕ್ಕೆ ತಿರುಗಿ, ಹೆಂಡತಿಗಾಗಿ ಕಾಯುತ್ತಾ ನಿಂತ.

ಧೂಳಿನಿಂದ ಗಾಡಿ ಹೊರಬಂತು, ನಿಂತಿತು. ಸವಾರ ಹೆಲ್ಮೆಟ್ ತೆಗೆದ. ಕೆಂಪು ಗಡ್ಡ ಕಾಣಿಸಿತು. ಅವನ ಕಣ್ಣೂ ಕೆಂಪಾಗಿತ್ತು.

"ಕೊನೇದು ನಾನು ಕುಟ್ಟಬಾರ್ದಿತ್ತು, ಯಜಮಾನ್ರೇ, ತಡೆಯೋಕಾಗ್ಲಿಲ್ಲ," ಎನ್ನುತ್ತಾ ಅವನು ತನ್ನ ಹೆಲ್ಮೆಟ್ಟಿನಿಂದ ಮರ್ನಾಳ ಮೈಕನ್ನು ಬಿಚ್ಚಿ ಲಾರ್ನ್‌ನ ಕೈಗಿಟ್ಟ. "ಅಮ್ಮಾವ್ರು ಬಂಕಿನಿಂದ್ಲೇ ಅಕ್ಕನ ಮನೆಗೆ ವಾಪಸ್ ಹೊರಟ್ಹೋದ್ರು. ಆಗಾಗ ಒಂದ್ ಸಲ ಕುಟ್ತಾ ಇರು ಸಾಕು, ಅವನಿಗೆ ವ್ಯತ್ಯಾಸ ಗೊತ್ತಾಗಲ್ಲ ಅಂದಿದ್ರು."