ಎಲೆ ಉದುರಿದ ಬೇಲಿ

“ಈ ಹೊಯ್ಗೆ ಮೇಲೆ ಬೇಲಿ ಏಳುದಿಲ್ಲ, ನಿನ್ ಮಗ್ಳ್ ಕಾಲೇಜ್ ಮೆಟ್ಲ್ ಹತ್ತುದೂ ಇಲ್ಲ” ಎಂದು ದೊಡ್ಡಪ್ಪ ನಮ್ಮ ಮರಳು ಹಿತ್ತಲು ನೋಡಿ ಅಮ್ಮನಿಗೆ ಹೇಳಿದ್ದರು. ಸೊಪ್ಪಿಗಾಗಿ ಬೆಳೆಸುವ ಗೊಬ್ಬರ ಗಿಡದ ನಸುಗೆಂಪು ಹೂ ಕಂಡರೆ ಇಂದಿಗೂ ಒಂದು ಮಧ್ಯಾಹ್ನ ನನ್ನ ಕಣ್ಣೆದುರು ನಿಲ್ಲುತ್ತದೆ.

ಪಕ್ಕದ ಮನೆಗೆ ಮಹಡಿ ಎದ್ದ ಮೇಲೆ, ಗೋಡೆಯಿಲ್ಲದ ನಮ್ಮ ಹಿತ್ತಲ ಬಚ್ಚಲು ಅವರಿಗೆ ನೇರ ಕಾಣುತ್ತಿತ್ತು. ಎಲೆ ಉದುರದ ದಾಸವಾಳ ನೆಡು ಎಂದು ಅಜ್ಜಿ ಹೇಳಿದರೂ, ಬೇಗ ಮರೆಯಾಗಲಿ ಎಂದು ಅಮ್ಮ ಗೊಬ್ಬರ ಗಿಡದ ಕೋಲುಗಳನ್ನೇ ಊರಿದಳು. ಮಳೆಗಾಲದಲ್ಲಿ ಬೇಲಿ ದಟ್ಟವಾಗಿ ಎದ್ದಿತು. ಚಳಿ ಮುಗಿಯುವಾಗ ಎಲೆಯೆಲ್ಲ ಉದುರಿ ಬರೀ ಹೂ ಉಳಿಯಿತು.

ಆ ದಿನ ಗಂಗೊಳ್ಳಿಯಲ್ಲಿ ಮೀನು ಮಾರಿ ಬಂದ ಅಮ್ಮ ಆ ಬೋಳು ಕೋಲುಗಳ ಹಿಂದೆ ಮೀಯಲು ಕುಳಿತಳು. ನಾನು ಹಳೆ ಸೀರೆಯೊಂದನ್ನು ಎತ್ತಿ ಅಡ್ಡ ಹಿಡಿದೆ. ಕಡಲ ಗಾಳಿ ಅದನ್ನು ಎಳೆಯುತ್ತಿತ್ತು, ನನ್ನ ಕೈ ಸೋಲುತ್ತಿತ್ತು.

“ಹ್ವಾಯ್, ನಿಮ್ ಬೇಲಿ ಹೂ ಎಷ್ಟ್ ಚೆಂದ ಮಾರಾಯ್ತಿ!” ಮಹಡಿಯಿಂದ ಪಕ್ಕದ ಮನೆಯ ಅಕ್ಕ ಕೂಗಿದರು.

ಅಮ್ಮ ತಂಬಿಗೆಯನ್ನು ಎದೆಗೊತ್ತಿಕೊಂಡು ಮುದುಡಿದಳು. “ಸೀರಿ ಬಿಡ್ಬೇಡ ಮಗಾ.”

ವರ್ಷಗಳ ಮೇಲೆ ನಮ್ಮ ಮನೆಯ ಮೊದಲ ಡಿಗ್ರಿ ಸರ್ಟಿಫಿಕೇಟನ್ನು ಅವಳ ಕೈಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿ ಅದನ್ನು ಹಿಡಿದು ಅಂದಳು: “ಕೆಲ್ಸ ಸಿಕ್ಕಿರೆ ಮೊದ್ಲ್ ಬಚ್ಚಲಿಗೊಂದ್ ಗೋಡೆ ಕಟ್ಸ್ ಮಗಾ.”